ಹುಡುಗಿ ಕರಾಟೆಗೆ ಹೋಗಲು ಭಯವೇ ಕಾರಣವಾಗಬೇಕೆ?

ಹೋದ ತಿಂಗಳು ಮೇಗರವಳ್ಳಿಯಿಂದ ಚಿಕ್ಕಮ್ಮನ ಮಗಳ ಫೋನು. ಮೊದಲ ಪಿಯುಸಿ ಹುಡುಗಿ, ದಿನಾ ಬಸ್ಸಿನಲ್ಲಿ ತೀರ್ಥಹಳ್ಳಿಗೆ ಹೋಗಿಬರುತ್ತಾಳೆ. "ಅಕ್ಕಾ, ಇಲ್ಲೊಂದು ಕರಾಟೆ ಕ್ಲಾಸ್ ಇದೆ, ಸೇರ್ಕೊಳ್ಲಾ? ಅಪ್ಪ ನಿನ್ನ ಕೇಳು ಅಂದ್ರು" ಎಂದಳು. ನಾನು ಹೂಂ ಅನ್ನುವಷ್ಟರಲ್ಲಿ ಫೋನು ಚಿಕ್ಕಪ್ಪನ ಕೈಗೆ ಹೋಗಿತ್ತು.

"ನೀನು ಆರು ವರ್ಷ ಕಲ್ತಿದೀಯಲ ಮಾರಾಯ್ತಿ, ಹೇಳು. ಅದು ಕಲ್ತ್ರೆ ಹುಡ್ಗಿ ಸೇಫಾ?"

"ಹಾಗಂತ ಹೇಳಕ್ಕಾಗಲ್ಲ ಚಿಕ್ಕಪ್ಪಾ."

"ಹಂಗಾರೆ ಎಂತಕ್ಕೆ ದುಡ್ಡು ದಂಡ?"

ಫೋನಿಟ್ಟ ಮೇಲೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಚಿಕ್ಕಪ್ಪ ಕೆಟ್ಟವರಲ್ಲ, ಜಿಪುಣರೂ ಅಲ್ಲ. ಅವಳ ತಮ್ಮ ಪ್ರತಿ ಭಾನುವಾರ ಬ್ಯಾಟು ಹಿಡಿದು ಹೊರಡುತ್ತಾನೆ. ಆ ಬ್ಯಾಟು ಕೊಡಿಸಿದವರು ಇದೇ ಚಿಕ್ಕಪ್ಪ. ಕ್ರಿಕೆಟ್ ಕಲಿತರೆ ಹುಡುಗ ಸೇಫಾ ಎಂದು ಅವರು ಯಾರನ್ನೂ ಕೇಳಲಿಲ್ಲ. ಹುಡುಗ ಆಡುತ್ತಾನೆ, ಅಷ್ಟೇ. ಆಡುವುದಕ್ಕೆ ಅವನು ಕಾರಣ ಒದಗಿಸಬೇಕಾಗಿಲ್ಲ. ಹುಡುಗಿ ಮಾತ್ರ ಮನೆಯಿಂದ ಒಂದು ಗಂಟೆ ಹೆಚ್ಚು ಹೊರಗಿರಲು, ಕಾಲೆತ್ತಲು, ಬೆವರಲು, ಕೂಗಲು ಒಂದು ಚೀಟಿ ತರಬೇಕು. ಆ ಚೀಟಿಯಲ್ಲಿ ಬರೆದಿರಬೇಕಾದದ್ದು ಒಂದೇ ಮಾತು: ಭಯ.

ನನ್ನ ಜಗಳ ಇರುವುದು ಈ ಚೀಟಿಯ ಜೊತೆ. ಕರಾಟೆಯನ್ನು ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆಯ ಹೆಸರಿನಲ್ಲಿ ಮಾರುವುದು ಎರಡು ಕಡೆಯೂ ಮೋಸ. ಕರಾಟೆ ಕೊಡಲಾಗದ ಭರವಸೆಯನ್ನು ಅದರ ಬಾಯಲ್ಲಿ ಹೇಳಿಸುತ್ತೇವೆ. ಅದು ನಿಜವಾಗಿ ಕೊಡಬಲ್ಲದ್ದನ್ನು ಹುಡುಗಿಯರಿಂದ ಮುಚ್ಚಿಡುತ್ತೇವೆ.

ನಾನು ಹೈಸ್ಕೂಲಿನಲ್ಲಿದ್ದಾಗ ನಮಗೂ ಒಂದು ಮಳೆಗಾಲದ ಕೊನೆಗೆ ಮೂರು ತಿಂಗಳ ಕರಾಟೆ ಬಂದಿತ್ತು. ಕೊನೆಯ ಪೀರಿಯಡ್ಡಿನಲ್ಲಿ ಹುಡುಗಿಯರನ್ನೆಲ್ಲ ಮೈದಾನದಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಯೂನಿಫಾರ್ಮಿನ ಚೂಡಿದಾರ, ವೇಲನ್ನು ಅಡ್ಡಡ್ಡ ಸೊಂಟಕ್ಕೆ ಬಿಗಿದು ಗಂಟು. ಮಾಸ್ತರು ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗ. ಬೈಕಿನಲ್ಲಿ ದಿನಕ್ಕೆ ಮೂರ್ನಾಲ್ಕು ಶಾಲೆ ಸುತ್ತುತ್ತಿದ್ದ. ನಮ್ಮ ಮೊಣಕೈ ಸರಿಪಡಿಸಲು ಹತ್ತಿರ ಬರುವುದಕ್ಕೂ ಅವನಿಗೆ ಸಂಕೋಚ. ಅವನು ಎಣಿಸಿದ, ನಾವು ಗುದ್ದಿದೆವು, ಗಾಳಿಯನ್ನು. ಅತ್ತ ವಾಲಿಬಾಲ್ ಅಂಕಣದಲ್ಲಿ ಹುಡುಗರು ಆಡುತ್ತಿದ್ದರು, ನಡುನಡುವೆ ನಿಂತು ನಮ್ಮನ್ನು ನೋಡಿ "ಹೂ... ಹಾ..." ಎಂದು ಅಣಕಿಸುತ್ತಿದ್ದರು. ಶಾಲೆಯಲ್ಲಿ ನಮ್ಮನ್ನು ಗೋಳಾಡಿಸುತ್ತಿದ್ದವರೂ ಅವರೇ. ರಕ್ಷಣೆ ಎನ್ನುವುದು ಹುಡುಗಿಯರ ಹೋಂವರ್ಕ್, ಹುಡುಗರಿಗೆ ಅದೇ ಹೊತ್ತು ಆಟದ ಪೀರಿಯಡ್. ಈ ವಿಚಿತ್ರ ಆಗ ಯಾರ ಕಣ್ಣಿಗೂ ಬೀಳಲಿಲ್ಲ, ನನ್ನ ಕಣ್ಣಿಗೂ. ಕೊನೆಯ ದಿನ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡೆವು. ಮುಂದಿನ ವಾರಕ್ಕೆ ಎಲ್ಲ ಮರೆತಿತ್ತು.

ಇಂದು ಇದೇ ವ್ಯವಸ್ಥೆ ದೊಡ್ಡದಾಗಿ ನಡೆಯುತ್ತಿದೆ. ಸಮಗ್ರ ಶಿಕ್ಷಣದ ಅಡಿಯಲ್ಲಿ ರಾಣಿ ಲಕ್ಷ್ಮೀಬಾಯಿ ಹೆಸರಿನ ಯೋಜನೆ ಇದೆ: 6ರಿಂದ 12ನೇ ತರಗತಿಯ ಹೆಣ್ಣುಮಕ್ಕಳಿಗೆ 3 ತಿಂಗಳ ತರಬೇತಿ, ಶಾಲೆಗೆ ತಿಂಗಳಿಗೆ 5,000 ರೂಪಾಯಿ. ನಮ್ಮ ರಾಜ್ಯದ ವಸತಿ ಶಾಲೆ, ಹಾಸ್ಟೆಲ್ಲುಗಳ ಹುಡುಗಿಯರಿಗೆ ಸಮಾಜ ಕಲ್ಯಾಣ ಇಲಾಖೆಯ ಓಬವ್ವ ಆತ್ಮರಕ್ಷಣೆ ಕಲೆ ತರಬೇತಿ ಇದೆ. ಸದುದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಹೆಸರುಗಳನ್ನು ನೋಡಿ. ಒಬ್ಬಳು ಯುದ್ಧದಲ್ಲಿ ಸತ್ತ ರಾಣಿ. ಇನ್ನೊಬ್ಬಳು, ಚಿತ್ರದುರ್ಗದವರು ಹೇಳುವ ಕಥೆಯಂತೆ, ಕೋಟೆಯ ಕಿಂಡಿಯಲ್ಲಿ ನುಸುಳಿ ಬಂದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದು, ಕೊನೆಗೆ ತಾನೂ ಹೆಣವಾದವಳು. ಎಂಟನೇ ಕ್ಲಾಸಿನ ಹುಡುಗಿಗೆ ಬಸ್‌ಸ್ಟ್ಯಾಂಡಿನಿಂದ ಮನೆಗೆ ನಡೆಯಲು ನಾವು ತೋರಿಸುವ ಮಾದರಿಗಳು ಇವು. ಮನೆಗೆ ನಡೆದು ಹೋಗುವುದು ಯುದ್ಧ ಎಂದು ನಾವೇ ಒಪ್ಪಿಕೊಂಡ ಹಾಗಾಯಿತಲ್ಲ?

ಓಬವ್ವನ ವಿಷಯದಲ್ಲಿ ಇನ್ನೊಂದು ಮಾತು. ಆ ಕಥೆಯಲ್ಲಿ ನನಗೆ ಬೆರಗು ಹುಟ್ಟಿಸುವುದು ಒನಕೆ. ಅದು ಆಯುಧವಲ್ಲ, ಅಡುಗೆಮನೆಯ ಸಾಮಾನು. ದಿನಾ ಭತ್ತ ಕುಟ್ಟಿದವಳ ಭುಜಕ್ಕೆ ಒನಕೆಯ ಭಾರ ಗೊತ್ತು, ಎಲ್ಲಿ ಎತ್ತಬೇಕು, ಎಲ್ಲಿ ಬಿಡಬೇಕು ಎಂದು ಗೊತ್ತು. ಅದು ಮೂರು ತಿಂಗಳಲ್ಲಿ ಬಂದ ತಿಳಿವಳಿಕೆಯಲ್ಲ, ಹೆದರಿಕೆಯಿಂದ ಬಂದದ್ದೂ ಅಲ್ಲ.

ಕರಾಟೆ ಶಾಲೆಯ ಮೈದಾನಕ್ಕೆ ಬಂದ ಕಥೆಯನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ನಮ್ಮ ಮಾಸ್ತರುಗಳು ಇದನ್ನು ಹೇಳುವುದಿಲ್ಲ. ಒಕಿನಾವಾ ದ್ವೀಪದಲ್ಲಿ ಗುರುವಿನ ಮನೆಯ ಅಂಗಳದಲ್ಲಿ, ಕೆಲವೇ ಶಿಷ್ಯರಿಗೆ ಕಲಿಸುತ್ತಿದ್ದ ವಿದ್ಯೆ ಅದು. 1900ರ ದಶಕದ ಆರಂಭದಲ್ಲಿ ಅದನ್ನು ಅಲ್ಲಿನ ಶಾಲೆಗಳಿಗೆ ತಂದವರು ಇತೊಸು ಆಂಕೊ. ಮಕ್ಕಳಿಗಾಗಿ ಹಳೆಯ ಚಲನೆಗಳನ್ನು ಸರಳಗೊಳಿಸಿ ಅವರು ಕಟ್ಟಿದ ಐದು ಕಟಾಗಳನ್ನೇ ಇಂದು ತೀರ್ಥಹಳ್ಳಿಯ ಹುಡುಗಿಯೂ ಮೊದಲು ಕಲಿಯುವುದು. ಕಟಾ ಎಂದರೆ ಎದುರಾಳಿಯಿಲ್ಲದೆ ಒಬ್ಬರೇ ಮಾಡುವ, ಕ್ರಮ ತಪ್ಪದ ಚಲನೆಗಳ ಸರಣಿ. 1908ರಲ್ಲಿ ಇತೊಸು ಶಿಕ್ಷಣ ಇಲಾಖೆಗೆ ಬರೆದ ಪತ್ರದಲ್ಲಿ ಎರಡು ವಿಷಯಗಳಿವೆ. ಒಂದು, ಚಿಕ್ಕಂದಿನಿಂದ ಕರಾಟೆ ಮಾಡಿದ ಹುಡುಗರು ಮುಂದೆ ಸೈನ್ಯಕ್ಕೆ ಉಪಯೋಗವಾಗುತ್ತಾರೆ ಎಂಬುದು. ಇನ್ನೊಂದು, ಇದು ಬೇಗ ಬರುವ ವಿದ್ಯೆಯಲ್ಲ, ದಿನಕ್ಕೆ ಒಂದೆರಡು ಗಂಟೆ ಮೂರ್ನಾಲ್ಕು ವರ್ಷ ಮಾಡಿದರೆ ಮೈಯಲ್ಲಿ ವ್ಯತ್ಯಾಸ ಕಾಣುತ್ತದೆ ಎಂಬುದು. ನಿಧಾನಕ್ಕೆ ನಡೆದೇ ಬಹುದೂರ ಮುಟ್ಟುವ ಎತ್ತಿಗೆ ಅವರು ಅದನ್ನು ಹೋಲಿಸುತ್ತಾರೆ. ನಮ್ಮ ಯೋಜನೆಗಳು ಈ ಪತ್ರದಿಂದ ಮೊದಲನೆಯದನ್ನು ಎತ್ತಿಕೊಂಡಂತಿವೆ: ಮಕ್ಕಳ ಮೈಯನ್ನು ಸರಕಾರದ ಒಂದು ಕೆಲಸಕ್ಕೆ ಸಜ್ಜುಗೊಳಿಸುವುದು. ಅಲ್ಲಿ ಗಡಿ ಕಾಯುವ ಕೆಲಸ, ಇಲ್ಲಿ ತಮ್ಮನ್ನು ತಾವೇ ಕಾದುಕೊಳ್ಳುವ ಕೆಲಸ. ಎತ್ತಿನ ಮಾತು ಯಾರಿಗೂ ಬೇಡ.

ಹಾಗಾದರೆ ಕ್ಲಾಸಿಗೆ ಸೇರಿದ ಹುಡುಗಿ ಏನನ್ನು ನಿರೀಕ್ಷಿಸಬೇಕು? ನಾನು ಡಿಗ್ರಿ ಓದಲು ಶಿವಮೊಗ್ಗಕ್ಕೆ ಹೋದ ಮೇಲೆ ಮತ್ತೆ ಸೇರಿದೆ. ಅಲ್ಲಿಂದ ಆರು ವರ್ಷ. ನನಗೆ ಆದದ್ದನ್ನೇ ಹೇಳುತ್ತೇನೆ.

ಮೊದಲ ದಿನ ಕೈಗೆ ಬಂದದ್ದು ಪೊರಕೆ. ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲಿ ತಲೆಬಾಗಿ ಒಳಗೆ ಬಂದು, ನೆಲ ಗುಡಿಸುವುದು. ಹೆಣ್ಣೆಂದು ಪೊರಕೆ ಕೊಟ್ಟರೇ ಎಂದು ಮೂಗು ಮುರಿಯುವಷ್ಟರಲ್ಲಿ ಐವತ್ತು ದಾಟಿದ, ಕಪ್ಪು ಬೆಲ್ಟಿನ ಬ್ಯಾಂಕ್ ನೌಕರರೊಬ್ಬರು ಪಕ್ಕದಲ್ಲಿ ಒದ್ದೆ ಬಟ್ಟೆ ಹಿಡಿದು ಒರೆಸುತ್ತಿದ್ದರು. ಆಮೇಲೆ ಮಂಡಿಯೂರಿ ಕೂರುವುದು. ಐದು ನಿಮಿಷಕ್ಕೆ ಕಾಲು ಜೋಮು. ಆಮೇಲೆ ನಿಲ್ಲುವುದು. ಹೌದು, ಬರೀ ನಿಲ್ಲುವುದು: ಮುಂದಿನ ಮಂಡಿ ಬಾಗಿಸಿ, ಹಿಂದಿನ ಕಾಲು ನೇರ ಮಾಡಿ, ಹಿಮ್ಮಡಿ ನೆಲಕ್ಕೆ ಊರಿ. ಇದಕ್ಕೆ ಜೆನ್‌ಕುತ್ಸು ದಾಚಿ ಎಂದು ಹೆಸರು. ಮರುದಿನ ಹಾಸ್ಟೆಲಿನ ಮೆಟ್ಟಿಲು ಇಳಿಯುವಾಗ ತೊಡೆಗೆ ಬೇರೆಯೇ ಹೆಸರುಗಳು ಹೊಳೆದವು.

ಮೊದಲ ಆರು ತಿಂಗಳು ಯಾರೂ ಯಾರನ್ನೂ ಹೊಡೆಯಲಿಲ್ಲ. ಇಚಿ, ನಿ, ಸಾನ್ ಎಂದು ಎಣಿಸುತ್ತ ಅದೇ ಗುದ್ದು, ಅದೇ ತಡೆ, ಅದೇ ತಿರುವು. ಮೊದಲ ಕಟಾದಲ್ಲಿ ಇರುವುದು 21 ಚಲನೆ. ಎರಡು ವಾರದಲ್ಲಿ ಬಾಯಿಪಾಠವಾಗುತ್ತದೆ, ಎರಡು ವರ್ಷವಾದರೂ ಮೈಗೆ ಹತ್ತುವುದಿಲ್ಲ. ಬೇಸರ ಬರುತ್ತದೆ. ಬೇಸರ ಬರುವುದಿಲ್ಲ ಎಂದು ಹೇಳುವ ಕ್ಲಾಸನ್ನು ನಂಬಬೇಡಿ. ಸಂಗೀತ ಕಲಿತವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ, ಸರಳೆ ವರಸೆ ಹಾಡಿ ಹಾಡಿ ಅವರ ಗಂಟಲೇ ಗೊತ್ತು. ಆದರೆ ಸಂಗೀತದ ಮೇಷ್ಟ್ರನ್ನು ಯಾರೂ "ಇದರಿಂದ ಹುಡುಗಿ ಸೇಫಾ" ಎಂದು ಕೇಳುವುದಿಲ್ಲ.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಕಿಆಯ್, ಅಂದರೆ ಹೊಡೆತದ ಕ್ಷಣಕ್ಕೆ ಹೊಟ್ಟೆಯಿಂದ ಹೊರಡಿಸಬೇಕಾದ ಕೂಗು. ಪಕ್ಕದ ಎಂಟು ವರ್ಷದ ಹುಡುಗ ಸೂರು ಹಾರುವಂತೆ ಕೂಗುತ್ತಿದ್ದ. ನನ್ನ ಬಾಯಿಂದ ಬಂದದ್ದು ಬೆಕ್ಕಿನ ಮರಿಯ ಸದ್ದು. "ಮೆಲ್ಲ ಮಾತಾಡೆ, ಹೊರಗೆ ಕೇಳತ್ತೆ" ಎಂದು ಹದಿನೆಂಟು ವರ್ಷ ಕೇಳಿಸಿಕೊಂಡ ಗಂಟಲು ಅದು. ಗುರುಗಳು ಬೈಯಲಿಲ್ಲ. "ನಾಳೆ ಬರತ್ತೆ" ಎಂದರು. ನಾಲ್ಕು ತಿಂಗಳು ಬೇಕಾಯಿತು. ಬಂದ ದಿನ ನನಗೇ ನಗು ತಡೆಯಲಾಗಲಿಲ್ಲ, ಅಷ್ಟು ದೊಡ್ಡ ದನಿ ನನ್ನೊಳಗೆ ಇತ್ತೆಂದು ತಿಳಿದೇ ಇರಲಿಲ್ಲ.

ಇದರಿಂದ ನಾನು ಸೇಫಾದೆನೇ? ಎರಡನೆಯ ವರ್ಷ, ಹಸಿರು ಬೆಲ್ಟು ಬಂದಿದ್ದ ಕಾಲ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುವ ಬಸ್ಸಿನಲ್ಲಿ ಪಕ್ಕದವನ ತೊಡೆ ನನ್ನ ತೊಡೆಗೆ ಒತ್ತತೊಡಗಿತು. ಸರಿದೆ, ಅವನೂ ಸರಿದ. ಕಲಿತದ್ದೊಂದೂ ನೆನಪಿಗೆ ಬರಲಿಲ್ಲ. ಕಿಟಕಿಗೆ ಅಂಟಿಕೊಂಡು ಮಂಡಗದ್ದೆ ಬರುವವರೆಗೆ ಹಾಗೇ ಕೂತು, ಆಮೇಲೆ ಎದ್ದು ಮುಂದೆ ಹೋಗಿ ನಿಂತೆ. ಆ ರಾತ್ರಿಯಿಡೀ ನನ್ನ ಮೇಲೆ ನನಗೇ ಸಿಟ್ಟು: ಇಷ್ಟು ಕಲಿತೂ ಏನೂ ಮಾಡಲಿಲ್ಲವಲ್ಲ! ಕರಾಟೆ ಕಲಿಯದಿದ್ದರೆ ಅವನ ಮೇಲೆ ಮಾತ್ರ ಸಿಟ್ಟು ಬರುತ್ತಿತ್ತು. ಕಲಿತದ್ದರಿಂದ ತಪ್ಪಿನ ಅರ್ಧ ಭಾಗ ನನ್ನ ತಲೆಗೆ ಬಂತು. ರಕ್ಷಣೆಯ ಹೆಸರಿನಲ್ಲಿ ಕಲಿಸುವವರು ಹುಡುಗಿಯ ಮೇಲೆ ಹೊರಿಸುವ ಈ ಸಾಲದ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ನಾಳೆ ಏನಾದರೂ ಆದರೆ ಊರು ಕೇಳುತ್ತದೆ, "ಕರಾಟೆ ಕಲ್ತಿದ್ಲಲ್ಲ, ಎಂತ ಮಾಡ್ತಿದ್ಲಂತೆ?"

ಅದೂ ಬಸ್ಸಿನ ಅಪರಿಚಿತನ ಕಥೆ, ಸುಲಭದ್ದು. ನಮ್ಮ ದೇಶದ ಅಪರಾಧ ದಾಖಲೆಗಳಲ್ಲಿ ವರ್ಷವರ್ಷವೂ ಬರುವ ಮಾತೆಂದರೆ, ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಆಕೆಗೆ ಗೊತ್ತಿರುವವನು. ಸಂಬಂಧಿಕ, ನೆರೆಯವ, ಗೆಳೆಯ, ಪಾಠ ಹೇಳಿದವ. ಮದುವೆ ಮನೆಯಲ್ಲಿ "ಏನೇ, ಎಷ್ಟು ದೊಡ್ಡೋಳಾದೆ" ಎಂದು ಬೆನ್ನ ಮೇಲೆ ಕೈಯಿಟ್ಟು ತೆಗೆಯದೇ ಇರುವ ಮಾವನಿಗೆ ಯಾವ ತಡೆ ಹಾಕಬೇಕು? ಅವನ ಕೈ ತಿರುವಿದರೆ ಮೊದಲು ಕೂಗುವವಳು ಅಮ್ಮ, ಮಗಳ ಮೇಲೆ. ಮೈದಾನದಲ್ಲಿ ಸಾಲಾಗಿ ನಿಂತು ಗಾಳಿ ಗುದ್ದುವ ತರಬೇತಿಯಲ್ಲಿ ಈ ಮಾವ ಬರುವುದೇ ಇಲ್ಲ. ಅಲ್ಲಿ ಬರುವವನು ಯಾವಾಗಲೂ ಕತ್ತಲಲ್ಲಿ ಹಿಂದಿನಿಂದ ಕುತ್ತಿಗೆ ಹಿಡಿಯುವ ಅಪರಿಚಿತ.

ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ವಾಸಿಯಲ್ಲವೇ, ಧೈರ್ಯ ಬರುತ್ತದಲ್ಲ ಎನ್ನುವವರಿದ್ದಾರೆ. ನನ್ನ ಜೊತೆ ಪಿಎಚ್‌.ಡಿ. ಮಾಡುವ ಗೆಳತಿಯೇ ಹಾಗೆ ವಾದಿಸುತ್ತಾಳೆ. ಅವಳಿಗೆ ನಾನು ತೋರಿಸಿದ್ದು ಕೆನಡಾದ ಒಂದು ಅಧ್ಯಯನವನ್ನು. ಷಾರ್ಲೀನ್ ಸೆನ್ ಮತ್ತು ಸಂಗಡಿಗರು ಮೂರು ವಿಶ್ವವಿದ್ಯಾಲಯಗಳ ಮೊದಲ ವರ್ಷದ ವಿದ್ಯಾರ್ಥಿನಿಯರಿಗೆ ಬರೀ 12 ಗಂಟೆಯ ತರಬೇತಿ ಕೊಟ್ಟು ಒಂದು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ್ದು. ತರಬೇತಿ ಪಡೆಯದವರಲ್ಲಿ ಶೇ. 9.8 ಮಂದಿ ಆ ವರ್ಷ ಅತ್ಯಾಚಾರಕ್ಕೆ ಒಳಗಾಗಿದ್ದರೆ, ಪಡೆದವರಲ್ಲಿ ಅದು ಶೇ. 5.2. ಅಂದರೆ ಕಡಿಮೆ ಹೊತ್ತಿನ ತರಬೇತಿ ಕೆಲಸ ಮಾಡುವುದೇ ಇಲ್ಲ ಎಂಬ ವಾದ ನನ್ನದಲ್ಲ, ಮಾಡುತ್ತದೆ. ಆದರೆ ಅಲ್ಲಿ ಹೊಡೆತದ ಪಾಠ ಒಂದು ಭಾಗ ಮಾತ್ರ. ಹೆಚ್ಚಿನ ಹೊತ್ತು ಹೋದದ್ದು ಗೊತ್ತಿರುವವನು ಹೇಗೆ ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಬರುತ್ತಾನೆ ಎಂದು ಗುರುತಿಸುವುದಕ್ಕೆ, ಅವನ ಮನಸ್ಸು ನೋಯಿಸುತ್ತೇನೇನೋ ಎಂಬ ಹಿಂಜರಿಕೆ ದಾಟುವುದಕ್ಕೆ, ತನಗೆ ಏನು ಬೇಕು ಏನು ಬೇಡ ಎಂದು ಬಾಯಿಬಿಟ್ಟು ಹೇಳುವುದಕ್ಕೆ. ಆ ಮಾತುಕತೆಯನ್ನು ನಮ್ಮ ಹೈಸ್ಕೂಲಿನಲ್ಲಿ ಶುರುಮಾಡಿದರೆ ಎಷ್ಟು ದಿನ ನಡೆಯಲು ಬಿಟ್ಟಾರು? ಕರಾಟೆ ಎಲ್ಲರಿಗೂ ಒಪ್ಪಿಗೆಯಾಗುವುದೇ ಅದು ಮಾತಾಡುವುದಿಲ್ಲ ಎಂಬ ಕಾರಣಕ್ಕೆ. ಗುದ್ದಲು ಕಲಿಸಿದರೆ ಯಾವ ಮನೆಯ ಮಾವನಿಗೂ ಮುಜುಗರವಿಲ್ಲ.

ಆತ್ಮರಕ್ಷಣೆ ಕಲಿಸಿ, ಆದರೆ ಅದನ್ನೇ ಕಲಿಸಿ. ಹುಡುಗರನ್ನೂ ಅದೇ ಕೋಣೆಯಲ್ಲಿ ಕೂರಿಸಿ. ಕರಾಟೆಯನ್ನು ಕರಾಟೆಯಾಗಿ ಇರಲು ಬಿಡಿ.

ಕರಾಟೆಯವರೂ ಸಾಚಾ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾನು ಮೊದಲು ಸೇರಿದ ಕಡೆ ಮೂರು ತಿಂಗಳಿಗೊಮ್ಮೆ ಬೆಲ್ಟ್ ಪರೀಕ್ಷೆ, ಪ್ರತಿ ಬಣ್ಣಕ್ಕೆ ಶುಲ್ಕ, ಸರ್ಟಿಫಿಕೇಟಿಗೆ ಬೇರೆ, ಫೋಟೋಗೆ ಬೇರೆ. ಒಬ್ಬರೂ ನಪಾಸಾದದ್ದು ಕಾಣೆ. ಎಂಟು ತಿಂಗಳಿಗೆ ಬಿಟ್ಟು ಬೇರೆ ಕಡೆ ಹೋದೆ. ಈ ಬೆಲ್ಟಿನ ಪದ್ಧತಿ ಕರಾಟೆಯದ್ದೇ ಅಲ್ಲ. 1882ರಲ್ಲಿ ಜುಡೊ ಕಟ್ಟಿದ ಕಾನೊ ಜಿಗೊರೊ ತಂದದ್ದು, ಫುನಾಕೊಶಿ ಗಿಚಿನ್ ಅದನ್ನು ಕರಾಟೆಗೆ ಎರವಲು ಪಡೆದು ಮೊದಲ ಕಪ್ಪು ಬೆಲ್ಟುಗಳನ್ನು ಕೊಟ್ಟದ್ದು 1924ರಲ್ಲಿ. ಮೊದಲ ಕಪ್ಪು ಬೆಲ್ಟಿನ ಹೆಸರು ಶೋದಾನ್. 'ಶೋ' ಎಂದರೆ ಆರಂಭ. ಶಾಲೆಗೆ ಸೇರಿಸಿಕೊಂಡರು ಎಂದಷ್ಟೇ ಅರ್ಥ. ನಮ್ಮಲ್ಲಿ ಅದಕ್ಕೆ ಫ್ಲೆಕ್ಸ್ ಕಟ್ಟಿಸಿ ಶಾಸಕರನ್ನು ಕರೆಸುತ್ತೇವೆ.

ಜಪಾನಿನ ಸಾಂಪ್ರದಾಯಿಕ ವಿದ್ಯೆ ಎಂದಾಕ್ಷಣ ಕೈಮುಗಿಯುವ ಅಗತ್ಯವೂ ಇಲ್ಲ. ಕಾನೊ ಅವರ ಶಿಷ್ಯೆ ಫುಕುದಾ ಕೇಕೊ 1935ರಲ್ಲಿ ಜುಡೊ ಶುರುಮಾಡಿದವರು. ಮದುವೆಯಾದರೆ ಜುಡೊ ಬಿಡಬೇಕಾಗುತ್ತದೆ ಎಂದು ಮದುವೆಯಾಗಲಿಲ್ಲ. 1953ರಲ್ಲಿ 5ನೇ ದಾನ್ ಸಿಕ್ಕಿತು. ಹೆಂಗಸರಿಗೆ ಅದಕ್ಕಿಂತ ಮೇಲೆ ಕೊಡುವ ಪದ್ಧತಿಯಿಲ್ಲ ಎಂದು 1972ರವರೆಗೆ ಅಲ್ಲೇ ನಿಲ್ಲಿಸಿದರು. ಅಮೆರಿಕದ ಜುಡೊ ಸಂಸ್ಥೆ ಅವರಿಗೆ 10ನೇ ದಾನ್ ಕೊಟ್ಟಾಗ ವಯಸ್ಸು 98. ಅಷ್ಟು ವರ್ಷ ಆಕೆ ಹೋಗುತ್ತಲೇ ಇದ್ದದ್ದು ಯಾರಿಂದ ತನ್ನನ್ನು ಕಾಪಾಡಿಕೊಳ್ಳಲು? ಇಷ್ಟವಿತ್ತು, ಹೋದರು.

ನನ್ನ ಸಂಶೋಧನೆ ಮಲೆನಾಡಿನ ಕಾದಂಬರಿಗಳಲ್ಲಿ ಹೆಂಗಸರ ಓಡಾಟದ ಮೇಲೆ. ಹಾಗಾಗಿ ಮೇಗರವಳ್ಳಿ ನನಗೆ ಚಿಕ್ಕಮ್ಮನ ಊರೂ ಹೌದು, 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಊರೂ ಹೌದು. ಚಿನ್ನಮ್ಮ ಮದುವೆಯ ರಾತ್ರಿ ಮನೆಬಿಟ್ಟು ಹುಲಿಕಲ್ಲಿನ ಕಾಡು ಹತ್ತಿದ್ದನ್ನು ಸೆಮಿನಾರುಗಳಲ್ಲಿ ಕೊಂಡಾಡುವ ನಾವು, ಸಂಜೆ ಏಳಕ್ಕೆ ಬಸ್ಸಿಳಿಯುವ ಹುಡುಗಿಗೆ ಟಾರ್ಚ್ ಹಿಡಿದು ಕಾಯುತ್ತೇವೆ. ಕಾಯುವುದು ತಪ್ಪಲ್ಲ. ಅಂತಕ್ಕನ ಮಗಳು ಕಾವೇರಿಗೆ ಆದದ್ದನ್ನು ಓದಿದವರು ಮರೆತಿರಲಾರರು, ಭಯಕ್ಕೆ ಆಧಾರವಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಕಾವೇರಿಗೆ ನಾಲ್ಕು ಒದೆತ ಬರುತ್ತಿದ್ದರೆ ಕಥೆ ಬೇರೆಯಾಗುತ್ತಿತ್ತು ಎಂದು ಯಾರಾದರೂ ಸೆಮಿನಾರಿನಲ್ಲಿ ಪೇಪರ್ ಓದಿದರೆ ನಾವು ಸುಮ್ಮನಿರುತ್ತೇವೆಯೇ? ಶಾಲೆಯ ಮೈದಾನದಲ್ಲಿ ನಾವು ದಿನಾ ಓದುತ್ತಿರುವುದು ಅದೇ ಪೇಪರ್.

ಮರುದಿನ ನಾನೇ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಈ ಇಡೀ ಭಾಷಣ ಮಾಡಲಿಲ್ಲ, ಮಾಡಿದ್ದರೆ ಇಟ್ಟುಬಿಡುತ್ತಿದ್ದರು. ಇಷ್ಟು ಹೇಳಿದೆ: ಮೊದಲ ವಾರ ನೀವೂ ಹೋಗಿ ಹಿಂದೆ ಕೂತು ನೋಡಿ, ಕೂರಬೇಡಿ ಎಂದರೆ ಆ ಕ್ಲಾಸೇ ಬೇಡ. ಮೇಷ್ಟ್ರು ತಾವೂ ಬೆವರುತ್ತಾರಾ ಅಥವಾ ಬರೀ ಸೀಟಿ ಊದುತ್ತಾರಾ ನೋಡಿ. ದೊಡ್ಡ ವಯಸ್ಸಿನ ಹೆಂಗಸರು ಕಲಿಯುತ್ತಿದ್ದಾರಾ ನೋಡಿ. ಮೈ ಮುಟ್ಟಿ ತಿದ್ದುವ ಮೊದಲು ಕೇಳುತ್ತಾರಾ, ನೋವಾಗುತ್ತಿದೆ ಎಂದರೆ ನಿಲ್ಲಿಸುತ್ತಾರಾ ನೋಡಿ. ಎಷ್ಟು ತಿಂಗಳಿಗೆ ಕಪ್ಪು ಬೆಲ್ಟು ಎಂದು ಕೇಳಿ, ಅವರು ಲೆಕ್ಕ ಹೇಳಿದರೆ ಎದ್ದು ಬನ್ನಿ.

"ಅಷ್ಟೆಲ್ಲ ಮಾಡಿ ಎಂತ ಸಿಗತ್ತೆ ಅವ್ಳಿಗೆ?"

"ನಿಮ್ಮ ಮಗನಿಗೆ ಕ್ರಿಕೆಟ್ಟಲ್ಲಿ ಎಂತ ಸಿಗತ್ತೆ?"

ಸ್ವಲ್ಪ ಹೊತ್ತು ಮಾತಿಲ್ಲ. "ಅದು ಬೇರೆ" ಎಂದರು. ಯಾಕೆ ಬೇರೆ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಹುಡುಗಿ ಸೇರಿದ್ದಾಳೆ. ಎರಡು ವಾರವಾಯಿತು. ನಿನ್ನೆ ಫೋನ್ ಮಾಡಿ ತೊಡೆನೋವಿನ ಬಗ್ಗೆ ಹದಿನೈದು ನಿಮಿಷ ಮಾತಾಡಿದಳು. ಕೂಗು ಬರುವುದಿಲ್ಲವಂತೆ, ಎಲ್ಲ ನಗುತ್ತಾರಂತೆ. ಬಿಳಿ ಬಟ್ಟೆ ಕೊಂಡಿದ್ದಾರೆ, ಒಗೆದರೆ ಕುಗ್ಗುತ್ತದೆ ಎಂದು ಒಂದು ಅಳತೆ ದೊಡ್ಡದು. ಅದೀಗ ಈ ಮಳೆಯಲ್ಲಿ ಮೂರು ದಿನವಾದರೂ ಒಣಗುತ್ತಿಲ್ಲ, ನಾಳೆ ಕ್ಲಾಸಿದೆ, ಏನು ಮಾಡಲಿ ಎಂದಳು. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಹರವು, ಹೊಗೆ ವಾಸನೆ ಬಂದರೆ ಬರಲಿ ಎಂದೆ.